ಹಾಲೇಶನ ಹೆಸರಿನ ಕೊನೆಯ ಕೀಲಿ

ಪಂಕಜಾಕ್ಷಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಹೌದು, ಹೊಟ್ಟೆಕಿಚ್ಚೇ. ಇಲ್ಲವೆಂದು ನಾನು ಯಾವತ್ತೂ ಹೇಳಿಲ್ಲ. ಅವಳು ನನ್ನ ಮೈದುನ ರುದ್ರೇಶನ ಹೆಂಡತಿ, ಅಂದರೆ ನನಗೆ ವಾರಗಿತ್ತಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಬೆಳಗಿನ ಜಾವ ಅವಳು ಕೀಲಿಮಣೆಯ ಮುಂದೆ ಕೂತಳೆಂದರೆ ಆ ಸದ್ದು ಗೋಡೆ ದಾಟಿ ನೇರ ನನ್ನ ಕಿವಿಗೇ ಬರುತ್ತದೆ. ಬಂದರೆ ಬರಲಿ, ಆದರೆ ಅದು ಅಷ್ಟು ಚೆನ್ನಾಗಿಯೂ ಇರಬೇಕೇ? ನನ್ನ ಸಂಕಟ ಇರುವುದೇ ಅಲ್ಲಿ.

ನಮ್ಮೂರಿನಲ್ಲಿ ಹುಟ್ಟಿದವರು ತಾವಾಗಿ ಏಳುವುದಿಲ್ಲ. ಕೋಳಿ ಕೂಗಲಿ, ಬಿಸಿಲು ಮುಖಕ್ಕೇ ಹೊಡೆಯಲಿ, ಮೈಮೇಲೆ ಬಿಂದಿಗೆ ನೀರು ಸುರಿಯಲಿ, ಏಳುವುದಿಲ್ಲ. ಯಾರಾದರೂ ಕೀಲಿಮಣೆಯ ಮೇಲೆ ಅವರ ಹೆಸರು ಹೊಡೆಯಬೇಕು. ಇಲ್ಲಿ ಹೆಸರು ಮುಗಿಯುತ್ತಿದ್ದಂತೆ ಅಲ್ಲಿ, ಮನೆ ಎಷ್ಟೇ ದೂರವಿರಲಿ, ಕಣ್ಣು ಬಿಡುತ್ತಾರೆ. ಹೊರಗಿನಿಂದ ಬಂದವರಿಗೆ ಈ ತಾಪತ್ರಯವಿಲ್ಲ. ಅದಕ್ಕೇ ಇಲ್ಲಿಗೆ ಸೊಸೆಯರನ್ನು ಹೊರಗಿನಿಂದ ತರುತ್ತಾರೆ. ಜಾತಕ ನೋಡುವುದಿಲ್ಲ, ಹುಡುಗಿಯ ಬೆರಳು ನೋಡುತ್ತಾರೆ. ನನ್ನತ್ತೆ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಅಮುಕಿ, "ರೊಟ್ಟಿ ತಟ್ಟಿದ ಕೈ, ಗಟ್ಟಿ ಐತೆ. ಸರ್ವಮಂಗಳಾ ಅಂತ ಹೆಸರೂ ಚಂದ ಐತೆ. ಸಾಕು ಬಿಡ್ರಿ," ಎಂದಿದ್ದಳು. ಗಂಡನ ಹೆಸರು ಹೇಳಬಾರದೆಂಬ ಶಾಸ್ತ್ರವೂ ಇಲ್ಲಿ ನಡೆಯುವುದಿಲ್ಲ. ದಿನಾ ಬೆಳಿಗ್ಗೆ ಹೊಡೆಯುವ ಹೆಸರನ್ನು ಬಾಯಲ್ಲಿ ಹೇಳಲು ಎಂಥ ನಾಚಿಕೆ? ನನ್ನ ಗಂಡನ ಹೆಸರು ಹಾಲೇಶ. ಐದು ಕೀಲಿಗಳ ಹೆಸರು. ಹಿಟ್ಟಿನ ಗಿರಣಿ ನಡೆಸುತ್ತಾನೆ.

ಅತ್ತೆ ನನಗೆ ಬಿಟ್ಟು ಹೋದ ಕೀಲಿಮಣೆ ಕಬ್ಬಿಣದ ತಳದ್ದು. ಅದರ ತಂತಿ ಯಾವುದಕ್ಕೂ ಸೇರಿಲ್ಲ; ಸುತ್ತಿ ಗೋಡೆಯ ಮೊಳೆಗೆ ಹಾಕಿದೆ. ಪ್ರತಿ ಕೀಲಿಯ ಟೋಪಿ ಎತ್ತಿದರೆ ಕೆಳಗೆ ಎರಡು ತಾಮ್ರದ ಕಾಲುಗಳ ಮೇಲೆ ನಿಂತ ಪುಟ್ಟ ಸ್ವಿಚ್ಚು. ನಮ್ಮ ಮಣೆಯಲ್ಲಿ ಎಲ್ಲವೂ ನೀಲಿ ಸ್ವಿಚ್ಚುಗಳೇ. ನೀಲಿಯನ್ನು ಒತ್ತಿದರೆ ಟಕ್ ಎನ್ನಲೇಬೇಕು. ಓಣಿಯವರ ಹೆಸರುಗಳೆಲ್ಲ ಅತ್ತೆಯ ಕಾಲದಿಂದ ಇದೇ ಮಣೆಯವು; ನಾನು ಕೂತರೆ ಇಡೀ ಓಣಿಗೆ ಟಕ ಟಕ ಟಕ. ಜನ ಹುಬ್ಬು ಗಂಟಿಕ್ಕಿಕೊಂಡು ಏಳುತ್ತಿದ್ದರು, ಎದ್ದವರೇ ಪಕ್ಕದವರ ಮೇಲೆ ರೇಗುತ್ತಿದ್ದರು. ಬೆಳಗು ಎಂದರೆ ಹೀಗೇ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ, ಮತ್ತು ಓಣಿಯಲ್ಲಿ ನನ್ನ ಮಾತು ನಡೆಯುತ್ತಿತ್ತು. ನನ್ನನ್ನು ಎದುರು ಹಾಕಿಕೊಂಡವರು ಮರುದಿನ ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದು ನನ್ನ ಕೈಯಲ್ಲಿತ್ತಲ್ಲ!

ಆಮೇಲೆ ರುದ್ರೇಶನ ಮದುವೆಯಾಯಿತು. ಪಂಕಜಾಕ್ಷಿ ತವರಿನಿಂದ ತನ್ನದೇ ಕೀಲಿಮಣೆ ತಂದಳು. ಅದರ ಜೊತೆಗೆ ಒಂದು ಸ್ಟೀಲಿನ ಒಗ್ಗರಣೆ ಡಬ್ಬಿ. ಮುಚ್ಚಳ ತೆಗೆದರೆ ಸಾಸಿವೆ ಇರಬೇಕಾದ ಬಟ್ಟಲಲ್ಲಿ ಕಪ್ಪು ಸ್ವಿಚ್ಚು, ಜೀರಿಗೆಯ ಜಾಗದಲ್ಲಿ ಕಂದು, ಮೆಣಸಿನಪುಡಿಯ ಜಾಗದಲ್ಲಿ ಕೆಂಪು, ಪಕ್ಕದಲ್ಲಿ ಒಂದಿಷ್ಟು ನೀಲಿ. ಕೆಂಪು ಸದ್ದಿಲ್ಲದೆ ನೆಟ್ಟಗೆ ಕೆಳಗಿಳಿಯುತ್ತದೆ. ಕಂದು ಅರ್ಧ ದಾರಿಯಲ್ಲಿ ಸಣ್ಣ ಗಂಟೊಂದನ್ನು ದಾಟಿ ಹೋಗುತ್ತದೆ. ಕಪ್ಪು ಬಿಗಿ, ಬೆರಳಿಗೆ ಎದುರು ಒತ್ತುತ್ತದೆ. ಇವಳು ನಾಲ್ಕನ್ನೂ ಒಂದೇ ಮಣೆಯಲ್ಲಿ ಬೆರೆಸಿ ಕೂರಿಸಿದ್ದಳು.

"ಒಂದೇ ಮಣೇಲಿ ನಾಕು ಥರ ಹಾಕಿದ್ರೆ ಬೆರಳು ಎಡವುತ್ತೆ ಕಣೇ," ಎಂದೆ. ಹಿರಿಯಳಾಗಿ ಬುದ್ಧಿ ಹೇಳಬೇಕಲ್ಲ.

"ಎಡವುತ್ತೆ ಅಕ್ಕಾ. ಎಡವೋ ಕಡೆ ನಿಧಾನ ಮಾಡ್ತೀನಿ," ಎಂದಳು. ಎದುರು ಮಾತಾಡಿದ್ದರೆ ಜಗಳವಾಡಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ಮರುದಿನ ಅವಳು ಎಬ್ಬಿಸಿದ್ದು ರುದ್ರೇಶನೊಬ್ಬನನ್ನೇ. ಅವನು ನಗುತ್ತಾ ಹಿತ್ತಲಿಗೆ ಬಂದ. ಹುಟ್ಟಿದಾಗಿನಿಂದ ಇತ್ತಲ ಕಡ್ಡಿ ಅತ್ತ ಎತ್ತಿಡದ ಮನುಷ್ಯ, "ಅತ್ತಿಗೇ, ಒಲೆ ಹಚ್ಚಿ ಕೊಡ್ಲಾ?" ಎಂದ. ಇವನು ಹೀಗೆ ನಗುನಗುತ್ತಾ ನಾಲ್ಕು ದಿನ ಓಣಿಯಲ್ಲಿ ಓಡಾಡಿದರೆ ನನ್ನ ಕಥೆ ಮುಗಿಯಿತು ಎಂದು ಆ ಕ್ಷಣವೇ ಗೊತ್ತಾಯಿತು.

ನಮ್ಮಲ್ಲಿ ಹೆಸರು ಬಿಡಿಸಿಕೊಳ್ಳುವುದಕ್ಕೆ ಒಂದು ಪದ್ಧತಿಯಿದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಬ್ಬಿಸುವವಳ ಮನೆಗೆ ಬಂದು, ಕೂತು, ಅವಳು ಕೊಟ್ಟ ಕಾಫಿಯನ್ನೋ ಮಜ್ಜಿಗೆಯನ್ನೋ ಕುಡಿದು, ಹೊರಡುವಾಗ ಲೋಟವನ್ನು ಬೋರಲು ಇಟ್ಟು ಹೋಗುತ್ತಾರೆ. ನಾಳೆಯಿಂದ ನನ್ನ ಹೆಸರು ಹೊಡೆಯಬೇಡ ಎಂದು ಅರ್ಥ. ಆಮೇಲೆ ಇನ್ನೊಬ್ಬಳು ಹೊಡೆದು ಎಬ್ಬಿಸಿದರೆ ಹೆಸರು ಅವಳ ಮಣೆಗೆ ಸೇರುತ್ತದೆ. ಕೊನೆಗೆ ಯಾವ ಮಣೆಯಲ್ಲಿ ಎದ್ದರೋ ಆ ಮಣೆಗೇ ಹೆಸರು. ಒಮ್ಮೆ ಹೋದದ್ದು ಹಿಂದಕ್ಕೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ಬೋರಲು ಬಿದ್ದ ಲೋಟಗಳನ್ನು ತೊಳೆದೂ ತೊಳೆದೂ ನನಗೆ ಲೋಟ ಕಂಡರೇ ಆಗದಂತಾಯಿತು. ಮೊದಲು ಎದುರುಮನೆಯ ಟೀಚರಮ್ಮ, ಆಮೇಲೆ ಅಂಗಡಿಯ ಅಣ್ಣತಮ್ಮಂದಿರು, ಆಮೇಲೆ ಸಾಲುಸಾಲು. ಎರಡೂ ಕಿವಿ ಕೇಳದ ಕೆಂಚಪ್ಪಜ್ಜನೂ ಬಂದು ಕಾಫಿ ಕುಡಿದು ಲೋಟ ಬೋರಲು ಹಾಕಿದ. "ನಿಂಗೆ ಸದ್ದೇ ಕೇಳ್ಸಲ್ಲವಲ್ಲೋ ಅಜ್ಜಾ, ಟಕ್ ಅಂದ್ರೇನು, ಮೆತ್ತಗಂದ್ರೇನು?" ಎಂದು ಅವನ ಮುಖದ ಮುಂದೆ ಕೈ ಆಡಿಸುತ್ತಾ ಕೂಗಿದೆ. ಅವನು ಎದೆ ಮುಟ್ಟಿ ತೋರಿಸಿ, "ಇಲ್ಲಿ ಕೇಳುತ್ತವ್ವಾ," ಎಂದು ಹೋದ.

ಒಂದೇ ಒಂದು ಸಲ ಅವಳು ಸಿಕ್ಕಿಬೀಳುತ್ತಾಳೆ ಎಂದುಕೊಂಡಿದ್ದೆ. ಒಂದು ಕೀಲಿಯ ಕೆಳಗೆ ಒಂದೇ ಸ್ವಿಚ್ಚು ತಾನೆ? ರ ಅಕ್ಷರ ಊರಿನ ಅರ್ಧ ಜನರ ಹೆಸರಿನಲ್ಲಿದೆ. ರ ಕೆಳಗೆ ಕೆಂಪಿರಲಿ ಎಂದು ಕೆಲವರು, ಕೆಂಪಾದರೆ ಎದ್ದ ಹಾಗೇ ಅನ್ನಿಸುವುದಿಲ್ಲ, ಕಪ್ಪು ಹಾಕು ಎಂದು ಕೆಲವರು. ಜಗುಲಿಯ ಮೇಲೆ ಪಂಚಾಯ್ತಿಯೇ ಸೇರಿತು. ನಾನು ಕಡಲೆಕಾಯಿ ತಿನ್ನುತ್ತಾ ಕಿಟಕಿಯಲ್ಲಿ ಕೂತು ನೋಡಿದೆ, ಅಂಥ ಖುಷಿ ಬಹಳ ದಿನದಿಂದ ಆಗಿರಲಿಲ್ಲ. ಪಂಕಜಾಕ್ಷಿ ಎಲ್ಲರ ಮಾತು ಕೇಳಿ, "ನೀಲಿ ಯಾರಿಗೂ ಬ್ಯಾಡ ತಾನೆ? ಅದನ್ನ ಪೂರ್ತಿ ತೆಗೀತೀನಿ. ರ-ಗೆ ಕಂದು ಹಾಕ್ತೀನಿ, ಎರಡು ಕಡೆಯೋರಿಗೂ ಅರ್ಧರ್ಧ ಬೇಜಾರಾಗ್ಲಿ," ಎಂದಳು. ಜನ ನಕ್ಕು ಎದ್ದು ಹೋದರು. ಯಾರಿಗೂ ಬೇಡವಾದ ಆ ನೀಲಿಯೇ ನನ್ನ ಮಣೆಯ ತುಂಬ ಇರುವುದು. ಕಡಲೆಕಾಯಿ ಕಹಿಯಾಗಿ ಉಗಿದೆ.

ಕೊನೆಗೆ ನನ್ನ ಮಣೆಯಲ್ಲಿ ಉಳಿದದ್ದು ಹಾಲೇಶನೊಬ್ಬನೇ. ಇವನೊಬ್ಬನಿದ್ದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಇಡೀ ಊರು ನಗುತ್ತಾ ಓಡಾಡುವಾಗ ಅವನೊಬ್ಬನೇ ಹುಬ್ಬು ಗಂಟಿಕ್ಕಿಕೊಂಡು ಗಿರಣಿಗೆ ಹೋಗುತ್ತಿದ್ದ. ಗಿರಣಿಗೆ ಬಂದವರು, "ಏನ್ ಹಾಲೇಶಣ್ಣಾ, ಇನ್ನೂ ಟಕ್ ಟಕ್ಕೇನಾ?" ಎಂದು ಕಿಚಾಯಿಸುತ್ತಿದ್ದರಂತೆ. ಒಂದು ದಿನ ಊಟ ಮುಗಿಸಿ ಮಜ್ಜಿಗೆ ಕುಡಿದ. ಖಾಲಿ ಲೋಟವನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ ಕೂತ. ನೆಟ್ಟಗೂ ಇಡಲಿಲ್ಲ, ಬೋರಲೂ ಹಾಕಲಿಲ್ಲ. ಅಡ್ಡ ಮಲಗಿಸಿ ಇಟ್ಟು ಎದ್ದು ಹೋದ.

"ಇದೇನಿದು? ಇದಕ್ಕೇನರ್ಥ?" ಎಂದು ಹಿಂದೆಯೇ ಹೋದೆ.

"ಎಂಥದ್ದೂ ಇಲ್ಲ ಮಾರಾಯ್ತೀ. ಜಾರಿ ಬಿತ್ತು," ಎಂದ. ಮುಖ ಮಾತ್ರ ಕೊಡಲಿಲ್ಲ.

ಆ ಲೋಟ ನೆಲದ ಮೇಲೆ ಅತ್ತಿತ್ತ ಹೊರಳಾಡಿದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ. ಇನ್ನೊಬ್ಬಳ ಬೆರಳಿಗೆ ನನ್ನ ಗಂಡ ಕಣ್ಣು ಬಿಡುವುದೇ? ಅದನ್ನು ನಾನು ಗೋಡೆಯ ಈಚೆ ಕೂತು ಕೇಳುವುದೇ? ಮರುದಿನ ಸಂತೆಯಲ್ಲಿ ಬಳೆ, ಪಿನ್ನು, ಸ್ವಿಚ್ಚು ಮಾರುವವನಿಂದ ಕೆಂಪೂ ಕಂದೂ ಬೆರೆತ ಒಂದು ಪೊಟ್ಟಣ ಕೊಂಡು ತಂದೆ. ಅವಳೊಬ್ಬಳಿಗೇ ಬರುವ ವಿದ್ಯೆಯೇನಲ್ಲವಲ್ಲ. ಹಾಲೇಶ ಗಿರಣಿಯಲ್ಲಿದ್ದಾಗ ಬಾಗಿಲು ಹಾಕಿಕೊಂಡು ಕೂತೆ. ಸ್ವಿಚ್ಚು ಕೀಳುವುದಕ್ಕೆ ಅದರದೇ ಒಂದು ಕೊಂಡಿ ಬರುತ್ತದಂತೆ. ನನಗೆ ಗೊತ್ತಿರಲಿಲ್ಲ, ಹಾಲಿನ ಪಾತ್ರೆ ಇಳಿಸುವ ಇಕ್ಕಳದಲ್ಲಿ ಹಿಡಿದು ಹಿಡಿದು ಕಿತ್ತೆ. ಸಿಟ್ಟೂ ಇತ್ತು, ಜೋರಾಗಿಯೇ ಕಿತ್ತೆ. ಅತ್ತೆಯ ಕಾಲದ ನೀಲಿಗಳೆಲ್ಲ ಮೊರದಲ್ಲಿ ರಾಶಿ ಬಿದ್ದವು. ಜಾಗ ಖಾಲಿಯಾದ ಕಡೆ ಹೊಸವನ್ನು ಒತ್ತಿ ಕೂರಿಸಿದೆ. ಹಾಲೇಶನ ಹೆಸರಿನ ಐದಕ್ಕೂ ಕೆಂಪೇ. ನಾಳೆ ಬೆಳಿಗ್ಗೆ ನನ್ನ ಗಂಡನೂ ನಗುತ್ತಾ ಏಳಲಿ, ಗೋಡೆಯಾಚೆ ಇರುವವಳೂ ಕೇಳಲಿ ಎಂದುಕೊಂಡೆ.

ಬೆಳಿಗ್ಗೆ ಮಣೆಯ ಮುಂದೆ ಕೂತು ಬೆರಳು ಇಟ್ಟೆ. ಬರೀ ಇಟ್ಟೆ ಅಷ್ಟೇ, ಒತ್ತಿರಲಿಲ್ಲ, ಆಗಲೇ ಒಂದು ಅಕ್ಷರ ಓಡಿಹೋಗಿತ್ತು. ಗಾಬರಿಯಲ್ಲಿ ಮುಂದಿನದನ್ನು ಹೊಡೆದರೆ ಅದು ಎರಡು ಸಲ ಬಿತ್ತು. ಇಷ್ಟು ವರ್ಷ ಗುದ್ದಿ ಗುದ್ದಿ ಕಲಿತ ಕೈ. ಹೊಸ ಕೆಂಪು ಸ್ವಿಚ್ಚು ಗಾಳಿ ತಾಕಿದರೂ ಇಳಿದುಬಿಡಲು ಕಾಯುತ್ತಿದ್ದಂತಿತ್ತು. ಒಳಗೆ ಹಾಲೇಶ ಕದಲಲಿಲ್ಲ. ಇನ್ನೊಮ್ಮೆ ಹೊಡೆದೆ, ಮತ್ತೊಮ್ಮೆ ಹೊಡೆದೆ. ತಪ್ಪು ಹೆಸರು ಬಿದ್ದಷ್ಟೂ ನಿದ್ದೆ ಕೆಳಕ್ಕಿಳಿಯುತ್ತದೆ ಎಂದು ಅತ್ತೆ ಹೇಳಿದ್ದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ನೀಲಿಗಳನ್ನೇ ಮರಳಿ ಹಾಕೋಣವೆಂದು ಮೊರಕ್ಕೆ ಕೈ ಹಾಕಿದರೆ ಯಾವುದಕ್ಕೂ ಕಾಲು ಸರಿಯಿಲ್ಲ. ಕೆಲವಕ್ಕೆ ಮುರಿದಿತ್ತು, ಕೆಲವಕ್ಕೆ ಸೊಟ್ಟಗೆ ಮಡಚಿತ್ತು, ಮುರಿದ ತುಂಡುಗಳು ಮಣೆಯ ತೂತುಗಳಲ್ಲೇ ಸಿಕ್ಕಿಕೊಂಡಿದ್ದವು.

ನಮ್ಮೂರಿನಲ್ಲಿ ಹೊತ್ತು ಮುಳುಗುವುದರೊಳಗೆ ಎಬ್ಬಿಸದಿದ್ದರೆ ಮತ್ತೆ ಯಾವ ಮಣೆಯಿಂದಲೂ ಎಬ್ಬಿಸಲಾಗುವುದಿಲ್ಲ. ಓಣಿಯ ಕೊನೆಯ ಮನೆಯ ನಂಜುಂಡಪ್ಪ ಹಾಗೆಯೇ ಮಲಗಿದ್ದಾನೆ. ಮನೆಯವರು ಸೋಮವಾರ ಸೋಮವಾರ ಗಡ್ಡ ತೆಗೆಸುತ್ತಾರೆ. ಮಗಳ ಮದುವೆಗೆ ಮಂಚದ ಸಮೇತ ಹೊತ್ತು ತಂದು ಧಾರೆ ಎರೆಸಿದರು. ಹೆಂಡತಿ ಹಣೆಗೆ ಕುಂಕುಮ ಇಟ್ಟುಕೊಂಡೇ ಓಡಾಡುತ್ತಾಳೆ, ಆದರೆ ಅವಳ ಮುಖ ನೋಡಲಾಗುವುದಿಲ್ಲ.

ಬಿಸಿಲೇರಿತು. ಗಿರಣಿಯ ಬಾಗಿಲು ಮುಚ್ಚಿರುವುದನ್ನು ನೋಡಿ ಜನ ರಾಗಿ, ಜೋಳದ ಡಬ್ಬಗಳನ್ನು ಹೊತ್ತು ನಮ್ಮ ಮನೆಯ ಮುಂದೆಯೇ ಸಾಲಾಗಿ ಇಟ್ಟರು. "ಹಾಲೇಶಣ್ಣ ಎದ್ದಿಲ್ವಾ?" ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. "ಸುಮ್ನೆ ಪಂಕಜಾಕ್ಷಿ ಕೈಲಿ ಒಂದ್ಸಲ ಹೊಡ್ಸಿಬಿಡಮ್ಮಾ, ಅದಕ್ಯಾಕೆ ಅಷ್ಟು ಯೋಚ್ನೆ," ಎಂದು ಟೀಚರಮ್ಮ ಬುದ್ಧಿ ಹೇಳಿದಳು. ಅವಳ ಮುಖಕ್ಕೇ ಬಾಗಿಲು ಹಾಕಿದೆ.

ಒಳಗೆ ಹೋಗಿ ಹಾಲೇಶನ ಪಕ್ಕ ಕೂತೆ. ದಿನಾ ಅವನು ಏಳುವ ಹೊತ್ತಿಗೆ ನಾನು ಮಣೆಯ ಮುಂದಿರುತ್ತೇನೆ. ಅವನು ಮಲಗಿದ್ದನ್ನು ಹಗಲ ಬೆಳಕಿನಲ್ಲಿ ನಾನು ನೋಡಿಯೇ ಇರಲಿಲ್ಲ. ಹುಬ್ಬುಗಳ ನಡುವೆ ಗಂಟಿರಲಿಲ್ಲ. ಹಣೆ ಒರೆಸಿಟ್ಟ ಹಾಗಿತ್ತು. ಆ ಗಂಟು ಅವನ ಮುಖದ್ದೇ ಎಂದುಕೊಂಡಿದ್ದೆ, ಅದನ್ನು ದಿನಾ ಹಾಕುತ್ತಿದ್ದವಳು ನಾನು. ಅಳು ಬಂತು. ಅಳುತ್ತಲೇ ಇನ್ನೊಂದು ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ, ಹೇಳುತ್ತೇನೆ. ಅವಳ ಮಣೆಗೆ ಹೋಗುವುದಕ್ಕಿಂತ ಹೀಗೇ ಮಲಗಿರಲಿ, ಗಡ್ಡ ನಾನೇ ತೆಗೆಸುತ್ತೇನೆ, ನನ್ನವನಾಗಿಯಾದರೂ ಇರುತ್ತಾನೆ ಎಂದುಕೊಂಡೆ. ಸುಮಾರು ಹೊತ್ತು ಹಾಗೆಯೇ ಕೂತಿದ್ದೆ. ಆಮೇಲೆ ಕಿಟಕಿಯ ಬಿಸಿಲು ಗೋಡೆ ಹತ್ತುವುದನ್ನು ನೋಡಿ ನನಗೇ ನನ್ನ ಮೇಲೆ ಹೇಸಿಗೆಯಾಯಿತು. ಮೊರ ಎತ್ತಿಕೊಂಡು, ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಮನೆಗೆ ಹೋದೆ.

ಪಂಕಜಾಕ್ಷಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಸುಲಿದದ್ದು ಒಂದು ಹಿಡಿಯೂ ಇರಲಿಲ್ಲ.

"ಗೊತ್ತಕ್ಕಾ," ಎಂದಳು. "ಬೆಳಿಗ್ಗೆಯಿಂದ ನಿನ್ ಟಕ್ ಟಕ್ ಕೇಳಿಸ್ಲೇ ಇಲ್ಲ. ನೀನೇ ಬರ್ತೀಯ ಅಂತ ಕಾಯ್ತಿದ್ದೆ."

"ನಿಮ್ಮ ಭಾವನ ಹೆಸರು ಹೊಡಿ," ಎಂದೆ. ಆ ಮಾತು ಆಡಲು ನಾನು ಪಟ್ಟ ಪಾಡು ನನಗೇ ಗೊತ್ತು.

"ನಾನು ಹೊಡೆಯಲ್ಲ."

"ಸೇಡು ತೀರಿಸ್ಕೊಂತೀಯಾ?"

"ಅಯ್ಯೋ, ಎಂಥ ಸೇಡಕ್ಕಾ? ಭಾವನ ಹೆಸರು ನನ್ ಮಣೆಗೆ ಬಂದ್ರೆ ನೀನು ಇನ್ ಜನ್ಮದಲ್ಲಿ ನನ್ ಮುಖ ನೋಡಲ್ಲ. ಈಗ ನೋಡೋದೇ ಅಷ್ಟಕ್ಕಷ್ಟೆ. ಕೊಡಿಲ್ಲಿ," ಎಂದು ಮೊರ ಎಳೆದುಕೊಂಡಳು.

ಅವಳು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಒಂದು ವ್ಯಂಗ್ಯದ ಮಾತು, ಒಂದು ಓರೆ ನಗು, ಏನಾದರೂ ಸಿಕ್ಕಿದ್ದರೆ ನನಗೆ ಹಿಡಿದುಕೊಳ್ಳಲು ಆಗುತ್ತಿತ್ತು. ಅವಳು ತಲೆಯಿಂದ ಹೇರ್‌ಪಿನ್ನು ತೆಗೆದು ನನ್ನ ನೀಲಿಗಳ ಸೊಟ್ಟ ಕಾಲುಗಳನ್ನು ಒಂದೊಂದಾಗಿ ತಿದ್ದಲು ಕೂತಳು. ನಾನು ಕೂರಿಸಿದ್ದ ಹೊಸ ಕೆಂಪುಗಳನ್ನು ಕಿತ್ತು, ಮಣೆಯ ತೂತುಗಳಲ್ಲಿ ಸಿಕ್ಕಿದ್ದ ತುಂಡುಗಳನ್ನು ಸೂಜಿಯಿಂದ ತೆಗೆದಳು. ಎಷ್ಟೋ ಕಾಲುಗಳು ತಿದ್ದುವಾಗಲೇ ಮುರಿದವು. ರಾಶಿಯನ್ನೆಲ್ಲ ಜಾಲಾಡಿದರೂ ನಿಲ್ಲುವಂಥವು ಸಿಕ್ಕಿದ್ದು ನಾಲ್ಕೇ. ಹಾಲೇಶನ ಹೆಸರಿಗೆ ಐದು ಬೇಕು.

"ನಿನ್ ಡಬ್ಬೀಲಿ ನೀಲಿ ಇಲ್ವೇನೇ?"

"ಒಂದೂ ಇಲ್ಲಕ್ಕಾ. ಯಾರಿಗೂ ಬ್ಯಾಡ ಅಂತ ಎಲ್ಲಾ ಸಂತೆಯವನಿಗೇ ಕೊಟ್ಬಿಟ್ಟೆ." ಹೇಳಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಆಮೇಲೆ ತನ್ನ ಮಣೆಯನ್ನು ಹತ್ತಿರ ಎಳೆದುಕೊಂಡು ಶ ಕೀಲಿಯ ಟೋಪಿ ತೆಗೆದು, ಕೆಳಗಿನ ಕೆಂಪು ಸ್ವಿಚ್ಚನ್ನು ಮೆಲ್ಲಗೆ ಎತ್ತಿ ನನ್ನ ಮಣೆಯಲ್ಲಿ ಕೂರಿಸಿದಳು. "ಇದು ಹೊಸದಲ್ಲ, ಪಳಗೈತೆ. ಕೈ ಇಟ್ಟ ಮಾತ್ರಕ್ಕೆ ಓಡಲ್ಲ. ಮೊದ್ಲ ನಾಕು ನೀನು ಹೊಡೆಯೋ ಹಂಗೇ ಹೊಡಿ. ಕೊನೇದು ಹೊಡಿಬ್ಯಾಡ. ಸುಮ್ನೆ ಬೆರಳು ಇಳಿಸು, ಅಷ್ಟೆ."

ಹೊತ್ತು ಗಿರಣಿಯ ತಗಡಿನ ಮಾಡಿಗೆ ಇಳಿದಿತ್ತು. ಮನೆಗೆ ಬಂದು ಜಗುಲಿಯಲ್ಲಿ ಕೂತೆ. ಡಬ್ಬದವರೆಲ್ಲ ಕತ್ತು ಚಾಚಿಕೊಂಡು ನಿಂತಿದ್ದರು. ಪಂಕಜಾಕ್ಷಿ ಹಿಂದೆಯೇ ಬಂದವಳು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ನಾನು ಹೊಡೆದೆ. ಟಕ್. ಟಕ್. ಟಕ್. ಟಕ್. ಐದನೆಯದಕ್ಕೆ ಬೆರಳು ಅಭ್ಯಾಸದಂತೆ ಗುದ್ದಲು ಮೇಲೆದ್ದಿತ್ತು, ಗಾಳಿಯಲ್ಲೇ ಹಿಡಿದು ನಿಲ್ಲಿಸಿದೆ. ತೆರೆದ ಬಾಗಿಲಿನಿಂದ ಹಾಲೇಶನ ಹಣೆ ಕಾಣುತ್ತಿತ್ತು. ನಾಲ್ಕು ಏಟಿಗೆ ಅದರ ಮೇಲೆ ಗಂಟು ಮೂಡಿತ್ತು. ಅದನ್ನೇ ನೋಡುತ್ತಾ ಬೆರಳು ಇಳಿಸಿದೆ.

ಸದ್ದೇ ಬರಲಿಲ್ಲ. ಅವತ್ತು ಬೆಳಗಿನವರೆಗೆ ಸದ್ದಿಲ್ಲದ ಕೀಲಿ ಒತ್ತಿದವಳಲ್ಲ ನಾನು. ಬಿತ್ತೋ ಇಲ್ಲವೋ ತಿಳಿಯದೆ ಕಣ್ಣು ಮುಚ್ಚಿಕೊಂಡೆ. ಆಗ ಒಳಗಿನಿಂದ ಮಂಚ ಕಿರ್ರೆಂದಿತು.

ಓಡಿ ಹೋದೆ. ಹಾಲೇಶ ಎದ್ದು ಕೂತಿದ್ದ. ನಗುತ್ತಿದ್ದ. ಮದುವೆಯಾದಾಗಿನಿಂದ ಎದ್ದ ಕೂಡಲೇ ಅವನು ನಕ್ಕದ್ದನ್ನು ಕಂಡಿರಲಿಲ್ಲ.

"ಏನಿವತ್ತು? ಪಂಕಜಾಕ್ಷಿ ಕೈಲಿ ಹೊಡ್ಸಿದ್ಯಾ?" ಎಂದ. ಅವನ ದನಿಯಲ್ಲಿದ್ದ ಖುಷಿ ಕೇಳಿ, ಇಡೀ ದಿನ ಅತ್ತದ್ದೆಲ್ಲ ಮರೆತು ಮೈಯೆಲ್ಲ ಉರಿದುಹೋಯಿತು.

"ನಾನೇ ಹೊಡ್ದಿದ್ದು."

"ನಾಕು ನಿಂದು, ಗೊತ್ತಾಯ್ತು. ಎಷ್ಟು ವರ್ಷದಿಂದ ಕೇಳಿದೀನಿ," ಎಂದು ಹಣೆ ಉಜ್ಜಿಕೊಂಡ. "ಕೊನೇದು ಯಾರ್ದು?"

"ಅದೂ ನಂದೇ," ಎಂದು ಕಾಫಿಗೆ ನೀರಿಡಲು ಹೋದೆ. ಅವನು ಕಾಫಿ ಕುಡಿದು ಲೋಟ ನೆಟ್ಟಗೆ ಇಟ್ಟು, ದೀಪ ಹಚ್ಚುವ ಹೊತ್ತಿನಲ್ಲಿ ಗಿರಣಿಯ ಬಾಗಿಲು ತೆಗೆದ.

ಮುಂದಿನ ಸಂತೆಗೆ ಹೋದಾಗ ಪಂಕಜಾಕ್ಷಿ ಹುಡುಕಿ ಹುಡುಕಿ ಒಂದು ನೀಲಿ ಸ್ವಿಚ್ಚು ತಂದಳು. "ಶ-ಗೆ ಹಾಕಿ ಕೊಡ್ಲಾ ಅಕ್ಕಾ?" ಎಂದಳು. "ಬ್ಯಾಡ, ಇರ್ಲಿ ಬಿಡು. ಯಾರು ಮತ್ತೆ ಕೀಳ್ತಾರೆ," ಎಂದೆ. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ನಾವಿಬ್ಬರೂ ರಾಜಿಯಾಗಿದ್ದೇವೆ ಎಂದು ಓಣಿಯವರು ಈಗ ಆಡಿಕೊಳ್ಳುತ್ತಾರೆ. ಸುಳ್ಳು. ದಿನಾ ಬೆಳಿಗ್ಗೆ ನನ್ನ ನಾಲ್ಕು ಕೀಲಿಗೆ ಗಂಟಿಕ್ಕುವ ಹುಬ್ಬು ಅವಳ ಒಂದಕ್ಕೆ ಸಡಿಲಾಗುತ್ತದೆ. ಆ ಒಂದು ಸ್ವಿಚ್ಚಿನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ಅದಕ್ಕೇ ಈಗ ಮಣೆಯನ್ನು ಅವನ ಮುಖ ಕಾಣುವ ಕಡೆ ಎಳೆದು ಹಾಕಿಕೊಂಡಿದ್ದೇನೆ. ನಾಲ್ಕು ಹೊಡೆದು ನಿಲ್ಲಿಸುತ್ತೇನೆ. ಅವನು ಅರೆನಿದ್ದೆಯಲ್ಲಿ, ಕಣ್ಣು ಮುಚ್ಚಿಕೊಂಡೇ, ಐದನೆಯದಕ್ಕೆ ಕಾಯುತ್ತಾ ಮಲಗಿರುತ್ತಾನೆ. ಸ್ವಿಚ್ಚು ಅವಳದಿರಬಹುದು, ಕಾಯುವುದು ನನ್ನ ಬೆರಳಿಗೆ. ಸ್ವಲ್ಪ ಕಾಯಿಸಿ, ಆಮೇಲೆ ಇಳಿಸುತ್ತೇನೆ.